ಎನ್‌ಪಿವಿ ಹೊಡೆದರೂ ಕೀಡೆ ಸಾಯಲಿಲ್ಲ, ಯಾಕೆ?

ಪ್ರಶ್ನೆ: ಎರಡು ಎಕರೆ ಕಡಲಿ ಬೆಳಿಗೆ ಕೀಡಿಗೆ ರೋಗ ತರೋ ವೈರಸ್ ಔಷಧ ಎನ್‌ಪಿವಿ ಹೊಡೆದು ಮೂರು ದಿನ ಆತು. ಮುಂಜಾನೆ ಹತ್ತರ ಸುಮಾರಿಗೆ ಹೊಡೆದೀನಿ. ಎಣ್ಣಿ (ರಾಸಾಯನಿಕ ಕೀಟನಾಶಕ) ಹೊಡೆದ್ರ ಮರುದಿನಾನ ಕೀಡಿ ಉದುರತಿದ್ವು. ಈಗ ಇಂಚುದ್ದದ ಹಸಿರು ಕೀಡಿ ಇನ್ನೂ ಕಾಯಿ ಕೊರಿಯಾಕತ್ತಾವ. ಅಂಗಡಿಯವ ಮೋಸ ಮಾಡಿದನೇನ್ರಿ?
– ಒಬ್ಬ ರೈತರು, ಕಲಬುರಗಿ ಜಿಲ್ಲೆ

ಉತ್ತರ: ಮೂರೇ ದಿನಕ್ಕೆ ಅಂಗಡಿಯವರನ್ನು ದೂರಬೇಡಿ. ಎಣ್ಣೆ ಮೈಗೆ ತಾಗಿದರೂ ಕೊಲ್ಲುತ್ತದೆ. ಈ ನಂಜಾಣು (ವೈರಸ್) ಮಾತ್ರ ಎಲೆಯ ಜೊತೆ ಕೀಡೆಯ ಹೊಟ್ಟೆಗೇ ಹೋಗಬೇಕು. ಕರುಳಿನ ಕ್ಷಾರಕ್ಕೆ ನಂಜಾಣುವಿನ ಪ್ರೋಟೀನ್ ಕವಚ ಕರಗಿ, ಅದು ಒಳಗೊಳಗೇ ಹೆಚ್ಚಿ, ಮರಿ ಕೀಡೆ ಸಾಯಲು ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ರೋಗ ತಗುಲಿದ ಕೀಡೆ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬೀಳುತ್ತದೆ. ಮುಟ್ಟಿದರೆ ಚರ್ಮ ಒಡೆದು ರಸ ಸೋರುತ್ತದೆ. ಆ ರಸ ಬಿದ್ದ ಎಲೆ ತಿಂದ ಕೀಡೆಗೂ ಅದೇ ಗತಿ. ನಾಡಿದ್ದಿನಿಂದ ತುದಿಗಳನ್ನು ನೋಡುತ್ತ ಹೋಗಿ.

ಆದರೆ ಎರಡು ಕಡೆ ಎಡವಿದ್ದೀರಿ. ಒಂದು, ಹತ್ತು ಗಂಟೆಯ ಬಿಸಿಲು. ನೇರಳಾತೀತ ಕಿರಣಕ್ಕೆ ನಂಜಾಣು ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಇಳಿಹೊತ್ತಿನಲ್ಲಿ ಹೊಡೆಯಬೇಕು. ಇನ್ನೊಂದು, ಇಂಚುದ್ದ ಬೆಳೆದ ಕೀಡೆಗೆ ಇದು ಸರಿಯಾಗಿ ನಾಟುವುದಿಲ್ಲ. ಮೊಟ್ಟೆ, ಸಣ್ಣ ಮರಿ ಕಂಡಾಗಲೇ ಹೊಡೆಯಬೇಕಿತ್ತು. ಕಡಲೆಯ ಗುಣವೂ ಸ್ವಲ್ಪ ಅಡ್ಡ ಬರುತ್ತದೆ ಅನ್ನಿ: ಅದರ ಎಲೆಯಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ಟೊಮೆಟೊದಲ್ಲಿ ಸಿಗುವಷ್ಟು ಫಲ ಕಡಲೆಯಲ್ಲಿ ಸಿಗುವುದಿಲ್ಲ.

ಪ್ರಮಾಣ ಹೆಕ್ಟೇರಿಗೆ 250 ಎಲ್.ಇ., ಎಂದರೆ ಎಕರೆಗೆ 100. ಒಂದು ಎಲ್.ಇ. ಎಂದರೆ ರೋಗದಿಂದ ಸತ್ತ ಒಂದು ಬಲಿತ ಕೀಡೆಯಲ್ಲಿರುವಷ್ಟು ನಂಜಾಣು, ಸುಮಾರು 600 ಕೋಟಿ ಕಣ. ಲೀಟರ್ ನೀರಿಗೆ 5 ಗ್ರಾಂ ಬೆಲ್ಲ, ಬಿಸಿಲಿನ ರಕ್ಷಣೆಗೆ 1 ಗ್ರಾಂ ಬಟ್ಟೆ ನೀಲಿ ಬೆರೆಸಿ. ಬೆಲ್ಲದ ರುಚಿಗೆ ಕೀಡೆ ಹೆಚ್ಚು ತಿನ್ನುತ್ತದೆ.

ಬಾಟಲಿಯ ಮೇಲೆ ಎಚ್‌ಎ-ಎನ್‌ಪಿವಿ ಎಂದಿದೆಯೇ ನೋಡಿ, ಕಾಯಿ ಕೊರೆಯುವ ಕೀಡೆಗೆ ಬೇಕಾದದ್ದು ಅದೇ. ಎಸ್‌ಎಲ್-ಎನ್‌ಪಿವಿ ಆಗಿದ್ದರೆ ಅದು ತಂಬಾಕಿನ ಎಲೆ ತಿನ್ನುವ ಕೀಡೆಗೆ. ನಿಮ್ಮ ಹಸಿರು ಕೀಡೆಗೆ ಅದರಿಂದ ಏನೂ ಆಗದು.

ಸದ್ಯಕ್ಕೆ ದೊಡ್ಡ ಕೀಡೆಗಳನ್ನು ಕೈಯಿಂದ ಆರಿಸಿ ತೆಗೆಯಿರಿ. ಸಣ್ಣ ಮರಿಗಳಿನ್ನೂ ಇದ್ದರೆ ಸಂಜೆ ಐದರ ಮೇಲೆ ಮತ್ತೊಮ್ಮೆ ಹೊಡೆಯಿರಿ.