ಹುಳುವಿನ ಕಣ್ಣೀರು ಮತ್ತು ಸೋಪು ನೀರಿನ ಬಟ್ಟೆ

ನಮಸ್ಕಾರ.

ನಿಮ್ಮ ‘ಪರದೇಶಿ ಮರ, ಅನಾಥ ಹುಳು’ ಲೇಖನ ಓದಿದೆ. ಮಡಿಕೇರಿಯ ಮನೆಯಂಗಳದ ಕ್ರಿಸ್‌ಮಸ್ ಮರ, ಅದರಲ್ಲಿ ಗುಲಗಂಜಿ ಹುಳು, ಅಂದರೆ ಲೇಡಿಬರ್ಡ್. ವಿಷಯ ಚೆನ್ನಾಗಿದೆ, ಅಕ್ಷರ ತಪ್ಪೂ ಇಲ್ಲ. ಆದರೆ ಎರಡು ಸಾಲು ಓದಿ ನನಗೆ ಸಿಟ್ಟು ಬಂತು. ಅವಷ್ಟನ್ನೇ ಹೇಳುತ್ತೇನೆ.

‘ಪರದೇಶಿ ಮರದ ಮೇಲೆ ನಮ್ಮ ಮಣ್ಣಿನ ಹುಳು ಅನಾಥವಾಗಿ ಕಣ್ಣೀರಿಡುತ್ತಿತ್ತು.’

ಮರ ಪರದೇಶಿ, ಒಪ್ಪಿದೆ. ನಮ್ಮಲ್ಲಿ ಕ್ರಿಸ್‌ಮಸ್ ಮರ ಅನ್ನುವ ಅರಕೇರಿಯಾ ಹೊರಗಿನಿಂದ ಬಂದದ್ದು. ಹುಳು ನಮ್ಮದು ಅಂತ ಯಾರು ಹೇಳಿದರು? ಕೆಳಗೆ ನೀವೇ ಬರೆದಿದ್ದೀರಿ: ಬೆನ್ನು ಕಪ್ಪು, ಚುಕ್ಕಿ ಇಲ್ಲ, ತಲೆ ಕಿತ್ತಳೆ ಬಣ್ಣ. ಅದು ಆಸ್ಟ್ರೇಲಿಯಾದ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳು. ಕಾಫಿ ಗಿಡದ ರಸ ಹೀರುವ ಹಸಿರು ತಿಗಣೆ ತಿನ್ನಲಿ ಅಂತ 1898ರಲ್ಲಿ ಭಾರತಕ್ಕೆ ತಂದರು. ಅದಕ್ಕೆ ರುಚಿಸಿದ್ದು ಹಾಗೇ ರಸ ಹೀರುವ ಬಿಳಿ ಹಿಟ್ಟು ತಿಗಣೆ. ನಿಮ್ಮ ಮರಕ್ಕೂ ಅದು ಊಟಕ್ಕೇ ಬಂದಿದೆ. ಅಳುವುದಕ್ಕೆ ಅದಕ್ಕೆಲ್ಲಿ ಪುರುಸೊತ್ತು?

‘ಕೊಂಬೆಯಲ್ಲಿದ್ದ ಹಿಟ್ಟು ತಿಗಣೆಗಳನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಹಾಕಿದೆ; ದೊಡ್ಡವು ಸರಸರ ಓಡಿದವು.’

ಹಿಟ್ಟು ತಿಗಣೆ ಸರಸರ ಓಡುವುದಿಲ್ಲ. ಓಡಿದ್ದು ಅದೇ ಗುಲಗಂಜಿ ಹುಳುವಿನ ಮರಿಗಳು. ಮೈತುಂಬ ಬಿಳಿ ಮೇಣದ ಎಳೆ ಹೊದ್ದು, ತಿಗಣೆಗಳ ನಡುವೆ ತಿಗಣೆಯ ಹಾಗೆಯೇ ಕಾಣುತ್ತವೆ. ತೋಟದವರೂ ಮೋಸ ಹೋಗುತ್ತಾರೆ, ನೀವು ಹೋದದ್ದು ತಪ್ಪಲ್ಲ. ಆದರೆ ದೊಡ್ಡ ಹುಳುವಿಗಾಗಿ ಎರಡು ಪುಟ ಅತ್ತು, ಮರಿಗಳನ್ನು ಒಂದೇ ಸಾಲಿನಲ್ಲಿ ಒರೆಸಿ ಮುಂದೆ ಹೋಗಿದ್ದೀರಲ್ಲ! ಲೇಖನ ಇರುವುದೇ ಅಲ್ಲಿ, ಅಲ್ವಾ?

ಮಾತು ಜಾಸ್ತಿಯಾಯಿತೇನೋ. ನಾನೂ ಹೀಗೇ ಬರೆಯುತ್ತಿದ್ದೆ. ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ ಕಾಫಿ ಹೂ ಅರಳಿಸುವ ಹೂಮಳೆ ಬಗ್ಗೆ ‘ಬಾನು ಬಿಕ್ಕಿ ಬಿಕ್ಕಿ ಅತ್ತಿತು’ ಅಂತ ಬರೆದುಕೊಟ್ಟೆ. ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ‘ಎಷ್ಟು ಸೆಂಟ್ಸ್ ಅತ್ತಿತು ಮಾರಾಯ?’ ಅಂದರು. ನೂರು ಸೆಂಟ್ಸಿಗೆ ಒಂದು ಇಂಚು, ನಮ್ಮ ತೋಟಗಳ ಮಳೆ ಲೆಕ್ಕ ಅದೇ ತಾನೆ? ನಾನು ಯಾರನ್ನೂ ಕೇಳಿರಲಿಲ್ಲ. ಅವತ್ತೇ ತೋಟಗಳಿಗೆ ಓಡಿಸಿದರು. ಒಂದರಲ್ಲಿ 80 ಸೆಂಟ್ಸ್ ಬಿದ್ದಿತ್ತು, ಪಕ್ಕದ್ದರಲ್ಲಿ 15. ಆ 15ರ ತೋಟದಲ್ಲಿ ಮಳೆ ಸಾಲದೆ ಸ್ಪ್ರಿಂಕ್ಲರ್ ಪೈಪ್ ಹೊರುತ್ತಿದ್ದರು. ಮಾರನೇ ದಿನ ಅಚ್ಚಾದದ್ದು ಆ ಪೈಪಿನ ಸುದ್ದಿ. ಬಿಕ್ಕಿದ ಬಾನು ಕಸದ ಬುಟ್ಟಿ ಸೇರಿತ್ತು.

ಮರದ ಹತ್ತಿರ ಇನ್ನೊಮ್ಮೆ ಹೋಗಿ. ಬಿಳಿ ಮರಿ ಒಂದಾದರೂ ಉಳಿದಿದ್ದರೆ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಆ ಬಟ್ಟೆಯಿಂದಲೇ ಶುರು ಮಾಡಿ ಬರೆದು ಕಳಿಸಿ. ಒಂದೂವರೆ ಪುಟ ಸಾಕು.