ಮುದ್ದೆ ಬಿಟ್ಟ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಒಂಬತ್ತು ವರ್ಷದ ಹುಡುಗ. ಟೈಪ್ 1 ಮಧುಮೇಹ ಗೊತ್ತಾಗಿ ಎರಡು ವರ್ಷ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ. ಊಟದ ನಂತರ ರಕ್ತದ ಸಕ್ಕರೆ 280 (ಮಿ.ಗ್ರಾಂ/ಡೆ.ಲೀ.) ಮುಟ್ಟುವುದನ್ನು ನೋಡಿ ನೋಡಿ ಸೋತ ತಾಯಿ ಅನ್ನ, ಮುದ್ದೆ, ಇಡ್ಲಿ ಎಲ್ಲವನ್ನೂ ನಿಲ್ಲಿಸಿ ಮೊಟ್ಟೆ, ಪನೀರ್, ಕಡಲೆಕಾಯಿ, ಸೊಪ್ಪಿನ ಪಲ್ಯಕ್ಕೆ ಇಳಿಸಿದ್ದರು. ದಿನಕ್ಕೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಊಟದ ಪಿಷ್ಟ, ಸಕ್ಕರೆ) 40 ಗ್ರಾಂ ದಾಟುತ್ತಿರಲಿಲ್ಲ.

"ಶುಗರ್ ಈಗ ಮಾತು ಕೇಳ್ತಾ ಇದೆ ಮೇಡಂ, ಮಗನೇ ಮಾತು ಕೇಳ್ತಾ ಇಲ್ಲ" ಎಂದರು. ಪಕ್ಕದವನ ಡಬ್ಬಿಯಿಂದ ಬಿಸ್ಕತ್ತು ಕದ್ದು ತಿಂದಿದ್ದನಂತೆ.

ನಾಲ್ಕು ತಿಂಗಳಲ್ಲಿ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.6ರಿಂದ 6.8ಕ್ಕೆ ಇಳಿದದ್ದು ನಿಜ. ಆದರೆ ತೂಕ 26.5ರಿಂದ 25 ಕೆ.ಜಿ.ಗೆ ಬಂದಿತ್ತು, ಎತ್ತರ ಅಲ್ಲೇ ನಿಂತಿತ್ತು. ರಾತ್ರಿ ಎರಡು ಸಲ ಸಕ್ಕರೆ 60ಕ್ಕಿಂತ ಕೆಳಗೆ ಹೋಗಿತ್ತು. ಬೆಳಗಿನ ರಕ್ತದ ಕೀಟೋನ್ (ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಆಮ್ಲ) 1.2. ಇದು ಕಾರ್ಬ್ ಕಡಿಮೆಯಾದದ್ದರಿಂದಲೋ ಇನ್ಸುಲಿನ್ ಸಾಲದ್ದರಿಂದಲೋ ಎಂದು ಮೀಟರ್ ಹೇಳುವುದಿಲ್ಲ. ಜ್ವರ, ವಾಂತಿ ಬಂದ ದಿನ ಈ ಗೊಂದಲವೇ ಅಪಾಯ. ಕಾರ್ಬ್ ತೀರಾ ಕಡಿಮೆಯಿದ್ದರೆ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಬರಿದಾಗುತ್ತದೆ. ಆಗ ತೀರಾ ಇಳಿದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಚುಚ್ಚಿದರೂ ಸಕ್ಕರೆ ಬೇಕಾದಷ್ಟು ಏರದಿರಬಹುದು.

ತಪ್ಪು ಮುದ್ದೆಯದಾಗಿರಲಿಲ್ಲ. ವೇಗದ ಇನ್ಸುಲಿನ್ ಅನ್ನು ಉಂಡ ಮೇಲೆ, ಅದೂ ಕಣ್ಣಂದಾಜಿನಲ್ಲಿ ಕೊಡುತ್ತಿದ್ದರು. ಸಕ್ಕರೆ ಏರಿ ಅರ್ಧ ಗಂಟೆಯಾದ ಮೇಲೆ ಔಷಧಿ ಹೊರಡುತ್ತಿತ್ತು.

ಮಕ್ಕಳ ಮಧುಮೇಹ ತಜ್ಞರ ಜೊತೆ ಕೂತು ಯೋಜನೆ ಮಾಡಿದೆವು. ಈ ವಯಸ್ಸಿಗೆ ಬೇಕಾದ ಸುಮಾರು 1700 ಕ್ಯಾಲೊರಿಯಲ್ಲಿ 45 ಶೇಕಡಾ ಕಾರ್ಬ್‌ನಿಂದ ಬಂದರೆ ದಿನಕ್ಕೆ 190 ಗ್ರಾಂ. ಕಾರ್ಬ್ ಇಳಿಸಿದಾಗ ಇನ್ಸುಲಿನ್ ಡೋಸನ್ನೂ ಇಳಿಸಿದ್ದರಿಂದ ಒಮ್ಮೆಲೇ ಅಲ್ಲಿಗೆ ಹಾರಬಾರದು. ಮೂರು ದಿನಕ್ಕೊಮ್ಮೆ ಒಂದೊಂದು ಊಟಕ್ಕೆ 15 ಗ್ರಾಂ ಏರಿಸಿ, ಅದಕ್ಕೆ ತಕ್ಕ ಇನ್ಸುಲಿನ್ ಅನ್ನು ವೈದ್ಯರು ಫೋನಿನಲ್ಲೇ ಹೇಳುವುದು. ಕಾರ್ಬ್ ಇಳಿಸುವ ಮೊದಲು ದಿನಕ್ಕೆ ಒಟ್ಟು 20 ಯೂನಿಟ್ ಇನ್ಸುಲಿನ್ ಇತ್ತು. ರೂಢಿಯ ಸೂತ್ರದಂತೆ 500ನ್ನು 20ರಿಂದ ಭಾಗಿಸಿದರೆ 25: ಅಂದರೆ 25 ಗ್ರಾಂ ಕಾರ್ಬಿಗೆ 1 ಯೂನಿಟ್. ಇದು ಆರಂಭದ ಅಂದಾಜಷ್ಟೆ, ಮೀಟರ್ ನೋಡಿ ತಿದ್ದಬೇಕು.

ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತರಲು ಹೇಳಿದೆವು. 50 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ ಸುಮಾರು 35 ಗ್ರಾಂ ಕಾರ್ಬ್, ಬೇಳೆ ಸಾರು ಸೇರಿ 50: ಆಗ 2 ಯೂನಿಟ್, ಊಟಕ್ಕೆ 15 ನಿಮಿಷ ಮುಂಚೆ. ಸಕ್ಕರೆ 70ಕ್ಕಿಂತ ಕಡಿಮೆಯಿದ್ದರೆ ಇನ್ಸುಲಿನ್ ಚುಚ್ಚಿ ಕಾಯುವಂತಿಲ್ಲ. ಮೊದಲು ಗ್ಲುಕೋಸ್ 8 ಗ್ರಾಂ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಪನೀರ್ ಹೆಚ್ಚಾದ ರಾತ್ರಿ ಮೂರರಿಂದ ಐದು ತಾಸಿನ ನಂತರ ಸಕ್ಕರೆ ಏರುವುದುಂಟು, ಆಗ ಗಾಬರಿಯಿಂದ ಮೇಲೆ ಮೇಲೆ ಚುಚ್ಚಬಾರದು. ಊಟ ಸೇರದ ದಿನವೂ ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸಬಾರದು. ಕೀಟೋನ್ 1.5 ದಾಟಿ ವಾಂತಿಯಾದರೆ, ಸಕ್ಕರೆ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು.

ತಾಯಿಯ ಭಯವನ್ನು ನಾವು ಹಗುರವಾಗಿ ನೋಡಲಿಲ್ಲ. 280 ಕಂಡಾಗ ಯಾರಿಗಾದರೂ ಎದೆ ಹಾರುತ್ತದೆ. ಮಗನನ್ನು "ಕಳ್ಳ" ಎನ್ನುವುದನ್ನು ಮಾತ್ರ ಅಂದೇ ಬಿಡಿಸಿದೆವು: ಅವನು ಹಸಿದಿದ್ದ. ಈಗ ಬಿಸ್ಕತ್ತು ಬೇಕಾದರೆ ಕೇಳುತ್ತಾನೆ, ಪೊಟ್ಟಣದ ಮೇಲಿನ ಕಾರ್ಬ್ ಅವನೇ ಓದುತ್ತಾನೆ. ಮೂರು ತಿಂಗಳಿಗೆ ತೂಕ 26.8, ಎಚ್‌ಬಿಎ1ಸಿ 7.1. ಬೆಳಗಿನ ತಿಂಡಿಯ ನಂತರದ ಏರಿಕೆ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಆ ಹೊತ್ತಿನ ಲೆಕ್ಕವನ್ನು 20 ಗ್ರಾಂಗೆ 1 ಯೂನಿಟ್ ಎಂದು ವೈದ್ಯರು ಬದಲಿಸಿದ್ದಾರೆ.