ಒಂಬತ್ತು ವರ್ಷದ ಮಗನಿಗೆ ಸ್ಟಾರ್ ಟ್ರೆಕ್ ಹಿಡಿಸಬೇಕೆಂದರೆ ಯಾವ ಕ್ರಮದಲ್ಲಿ ತೋರಿಸಬೇಕು?

ನೀವು ಪ್ರಶ್ನೆಯ ಜೊತೆಗೆ ಕೊಟ್ಟಿರುವ ಪಟ್ಟಿಯಂಥದ್ದೇ ಒಂದು ಪಟ್ಟಿ, ಅಂದರೆ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ 1966ರ ಮೂಲ ಸರಣಿ ಮೊದಲು, ಆಮೇಲೆ ಅದರ ಮುಂದಿನ ಸರಣಿಗಳಾದ ನೆಕ್ಸ್ಟ್ ಜನರೇಷನ್, ಅದಾದ ಮೇಲೆ ಡೀಪ್ ಸ್ಪೇಸ್ ನೈನ್ ಎಂಬ ಪಟ್ಟಿ, ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಬಹಳ ಕಾಲ ಅಂಟಿಕೊಂಡಿತ್ತು. ನಿಮ್ಮ ಮಗ ಹತ್ತು ನಿಮಿಷಕ್ಕೆ ಎದ್ದುಹೋಗುತ್ತಾನೆ ಎಂದು ಬರೆದಿದ್ದೀರಿ. ನನ್ನ ಮಗಳು ಹೋಮ್‌ವರ್ಕ್ ಇದೆ ಎಂದು ಹೇಳಿ ಎದ್ದುಹೋಗುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಟಿವಿಯನ್ನು ಬಿಟ್ಟು ತಾನಾಗಿಯೇ ಹೋಮ್‌ವರ್ಕಿಗೆ ಓಡುತ್ತಾಳೆಂದರೆ ಟಿವಿಯ ಮುಂದೆ ಅವಳಿಗೆ ಎಂಥ ಕಾಟವಾಗುತ್ತಿರಬಹುದು ಎಂದು ಆಗ ನಾನು ಯೋಚಿಸಲಿಲ್ಲ. ಓದಿನಲ್ಲಿ ಆಸಕ್ತಿ ಇದೆಯಲ್ಲ ಎಂದು ಹೆಮ್ಮೆಯನ್ನೇ ಪಟ್ಟುಕೊಂಡಿದ್ದೆ.

ಕ್ರಮದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ಈ ಹುಚ್ಚು ನನಗೆ ಹೇಗೆ ಹಿಡಿಯಿತು ಎಂಬುದನ್ನು ಹೇಳಬೇಕು, ಏಕೆಂದರೆ ನಾನು ಮಾಡಿದ ಎಡವಟ್ಟು ಎಂಥದ್ದು ಎಂಬುದು ಅದರಿಂದಲೇ ತಿಳಿಯುತ್ತದೆ. ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಹಾಕುತ್ತಿದ್ದರು. ಬೆಂಗಳೂರಿನ ನಮ್ಮ ವಠಾರದಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅದೂ ಎರಡು ಕಡೆಯಿಂದ ಎಳೆದು ಮುಚ್ಚುವ ಶಟರ್ ಬಾಗಿಲಿದ್ದ ಕಪ್ಪು-ಬಿಳುಪಿನ ಪೆಟ್ಟಿಗೆ. ನಾನು ಕನ್ನಡ ಮಾಧ್ಯಮದ ಹುಡುಗ. ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್, ಅದರ ಅಧಿಕಾರಿಯಾದ ವಲ್ಕನ್ ಗ್ರಹದ ಸ್ಪಾಕ್, ಹಡಗಿನ ಡಾಕ್ಟರ್ ಮೆಕಾಯ್ ಆಡುತ್ತಿದ್ದ ಇಂಗ್ಲಿಷಿನಲ್ಲಿ ಒಂದು ವಾಕ್ಯವೂ ನನಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಸಂಚಿಕೆಯ ಮೊದಲ ಭಾಗ ಅಮ್ಮ ಕೊಡುತ್ತಿದ್ದ ಎಣ್ಣೆಸ್ನಾನದಲ್ಲಿ ಹೋಗುತ್ತಿತ್ತು, ನಡುವಿನದು ಕೆಲವೊಮ್ಮೆ ಗಾಳಿಗೆ ತಿರುಗಿಕೊಂಡ ಆಂಟೆನಾದ ಪಾಲಾಗುತ್ತಿತ್ತು. ಉಳಿದದ್ದಕ್ಕೆ ನಾನೇ ಕಥೆ ಕಟ್ಟಿಕೊಳ್ಳುತ್ತಿದ್ದೆ. ಹಡಗಿನ ಸಿಬ್ಬಂದಿಯಲ್ಲಿ ಕೆಂಪಂಗಿಯವರೇ ಮೊದಲು ಸಾಯುತ್ತಾರೆ ಎಂದು ಲೋಕವೆಲ್ಲ ನಗುವುದನ್ನು ನೀವು ಕೇಳಿರುತ್ತೀರಿ. ನನಗೆ ಅಂಗಿಯ ಬಣ್ಣವೇ ಗೊತ್ತಿರಲಿಲ್ಲವಾದ್ದರಿಂದ, ಕ್ಯಾಪ್ಟನ್ನಿನ ಮಾತು ಕೇಳದವರು ಸಾಯುತ್ತಾರೆ ಎಂದು ನಂಬಿದ್ದೆ.

ಇಂಥ ಅರೆಬರೆ ನೋಟದಿಂದ ಹುಟ್ಟಿದ ಪ್ರೀತಿಯನ್ನು ನಾನು ಮಗಳಿಗೆ ದಾಟಿಸಹೊರಟದ್ದು ಪಠ್ಯಕ್ರಮದ ರೂಪದಲ್ಲಿ. ಅಮೆರಿಕದಿಂದ ಬಂದ ನನ್ನ ಭಾವಮೈದುನ ಮೂರು ಸೀಸನ್ನುಗಳ 79 ಸಂಚಿಕೆಗಳಿದ್ದ ಡಿವಿಡಿಗಳನ್ನು ತಂದುಕೊಟ್ಟಿದ್ದೇ ತಡ, ನಾನು ವೇಳಾಪಟ್ಟಿ ಹಾಕಿದೆ. ರಿಮೋಟ್ ಯಾವಾಗಲೂ ನನ್ನ ಕೈಯಲ್ಲೇ. ಟ್ರಾನ್ಸ್‌ಪೋರ್ಟರ್ ಎಂಬ, ಜನರನ್ನು ಹಡಗಿನಿಂದ ಗ್ರಹಕ್ಕೆ ಕ್ಷಣದಲ್ಲಿ ಸಾಗಿಸುವ ಯಂತ್ರ ಕಂಡ ಕೂಡಲೇ ನಿಲ್ಲಿಸಿ, ವಾರವಾರವೂ ಹಡಗನ್ನು ಗ್ರಹದ ಮೇಲೆ ಇಳಿಸುವ ದೃಶ್ಯ ತೆಗೆಯುವುದು ದುಬಾರಿಯೆಂದು ಮನುಷ್ಯರನ್ನೇ ಮಿನುಗಿಸಿ ಮಾಯಮಾಡುವ ಉಪಾಯ ಹುಟ್ಟಿತು ಎಂದು ಹೇಳುತ್ತಿದ್ದೆ. ಹಡಗಿನ ಕಪ್ಪು ಜನಾಂಗದ ಅಧಿಕಾರಿ ಉಹುರಾ ಬಂದಾಗ ನಿಲ್ಲಿಸಿ, ಆ ಪಾತ್ರ ಮಾಡಿದ ನಿಶೆಲ್ ನಿಕಲ್ಸ್ ಸರಣಿ ಬಿಡಲು ಹೊರಟಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ಬಿಡಬೇಡಿ ಎಂದು ಹೇಳಿದ ಪ್ರಸಂಗವನ್ನು ವಿವರಿಸುತ್ತಿದ್ದೆ. ಹಡಗಿನ ವೇಗ ಹೇಳುವ ವಾರ್ಪ್ 6 ಎಂಬ ಮಾತು ಕೇಳಿದಾಗಲಂತೂ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕವನ್ನೇ ಮಾಡಿ ತೋರಿಸಿದ್ದೆ: ಮೂಲ ಸರಣಿಯ ಲೆಕ್ಕದಲ್ಲಿ ವಾರ್ಪ್ ಸಂಖ್ಯೆಯ ಘನವೇ ವೇಗ, ಅಂದರೆ ಬೆಳಕಿನ 216 ಪಟ್ಟು, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರಕ್ಕೆ ಏಳು ದಿನದ ಪ್ರಯಾಣ. ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ನನ್ನ ಹೆಂಡತಿ, "ಅವರು ಏಳು ದಿನಕ್ಕೆ ನಕ್ಷತ್ರ ಮುಟ್ತಾರೆ, ಇವರಿಗೆ ಬಚ್ಚಲಮನೆ ನಲ್ಲಿಗೊಂದು ವಾಷರ್ ತರೋಕೆ ತಿಂಗಳು ಸಾಲದು" ಎಂದಳು. 50 ನಿಮಿಷದ ಸಂಚಿಕೆ ನಮ್ಮಲ್ಲಿ ಒಂದೂವರೆ ಗಂಟೆ ನಡೆಯುತ್ತಿತ್ತು. ಮುಗಿದ ಮೇಲೆ ಪ್ರಶ್ನೆಗಳೂ ಇರುತ್ತಿದ್ದವು.

ಆದರೂ ಇಷ್ಟು ಮಾತ್ರವಾಗಿದ್ದರೆ ಅದನ್ನು ಸರಿಪಡಿಸಿಕೊಳ್ಳಬಹುದಿತ್ತು. ಮಕ್ಕಳು ಇಂಥದ್ದನ್ನು ನಗಾಡಿ ಮರೆಯುತ್ತಾರೆ. ನನಗೆ ನಷ್ಟ ತಂದದ್ದು ಬೇರೆ.

ಆ ವರ್ಷ ಬೇಸಿಗೆ ರಜೆಯಲ್ಲಿ ನನ್ನ ಅಮ್ಮ ನಮ್ಮ ಮನೆಗೆ ಬಂದಿದ್ದರು. ಒಂದು ಎರಡನೇ ಶನಿವಾರ ಮಧ್ಯಾಹ್ನ ಪೇಟೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಎಂಟರ್‌ಪ್ರೈಸ್ ಹಡಗಿನ ಸದ್ದು ಕೇಳಿಸಿತು. ಇಣುಕಿದರೆ, ಅಮ್ಮ ನೆಲದ ಮೇಲೆ ಹಳೆಯ ಪೇಪರ್ ಹರಡಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾರೆ, ಮಗಳು ಅವರ ತೊಡೆಗೆ ಒರಗಿಕೊಂಡು ಟಿವಿ ನೋಡುತ್ತ ಕಥೆ ಹೇಳುತ್ತಿದ್ದಾಳೆ. ರಿಮೋಟಿನ ಮೇಲೆಲ್ಲ ಹುಣಸೆಯ ಅಂಟು. ಪಟ್ಟಿಯ ಪ್ರಕಾರ ನಾವಿನ್ನೂ ಮೊದಲ ಸೀಸನ್ನಿನಲ್ಲಿದ್ದೆವು. ಇವಳು ಹಾಕಿದ್ದು ಎರಡನೆಯದರ ಮೊದಲ ಸಂಚಿಕೆ, 1967ರ 'ಅಮೋಕ್ ಟೈಮ್'. ಸ್ಪಾಕ್ ಮದುವೆಗೆಂದು ತನ್ನ ಗ್ರಹಕ್ಕೆ ಹೋಗುವ ಕಥೆ ಅದು. ಮದುವೆಯ ಕಥೆ ಎಂಬ ಕಾರಣಕ್ಕೇ ಅಜ್ಜಿಗಾಗಿ ಅದನ್ನು ಆರಿಸಿದ್ದಳು ಎಂಬುದು ನನಗೆ ಅರ್ಥವಾದದ್ದು ಎಷ್ಟೋ ಕಾಲದ ಮೇಲೆ.

ಅವಳು ಹೇಳುತ್ತಿದ್ದ ಕಥೆಯಲ್ಲಿ ಕರ್ಕ್ ಮನೆಯ ಹಿರಿಯ ಮಗ, ಮೆಕಾಯ್ ಸ್ಪಾಕ್‌ನ ಅಕ್ಕನ ಗಂಡ. ಎಷ್ಟೋ ಸಂಚಿಕೆಗಳಲ್ಲಿ ಡಾಕ್ಟರು ಸ್ಪಾಕ್‌ನನ್ನು ಹಸಿರು ರಕ್ತದವನೇ, ಮೊನಚು ಕಿವಿಯವನೇ ಎಂದು ಜರೆಯುವುದನ್ನು ಅಜ್ಜಿಗೆ ವಿವರಿಸಲು ಅವಳು ಹುಡುಕಿಕೊಂಡ ಸಂಬಂಧ ಅದು. ಅಮ್ಮನಿಗೆ ಅದು ಕೂಡಲೇ ಹಿಡಿಸಿಬಿಟ್ಟಿತ್ತು. ಭಾವ ಎಂದಮೇಲೆ ರೇಗಿಸದೆ ಇರುತ್ತಾನೆಯೇ? ಸ್ಪಾಕ್ ತನ್ನ ಮದುವೆಗೆ ಬರಬೇಕೆಂದು ಕರ್ಕ್‌ನನ್ನು ಕರೆದು, ಆಮೇಲೆ ಮೆಕಾಯ್‌ನನ್ನೂ ಕರೆಯುವ ದೃಶ್ಯದಲ್ಲಿ ಅಮ್ಮ, "ಮತ್ತೆ, ಅಕ್ಕನ ಗಂಡನ್ನ ಬಿಟ್ಟು ಹೋಗೋಕಾಗತ್ತಾ" ಎಂದರು. ವಧು-ವರರಿಗೆ ಏಳನೇ ವಯಸ್ಸಿನಲ್ಲೇ ಸಂಬಂಧ ಗೊತ್ತುಮಾಡಲಾಗಿತ್ತು ಎಂದು ಮಗಳು ಹೇಳಿದಾಗ, "ನಮ್ಮತ್ತೆಗೂ ಏಳಕ್ಕೇ ಆಗಿದ್ದು" ಎಂದು ಬೀಜವೊಂದನ್ನು ಬಟ್ಟಲಿಗೆ ಹಾಕಿದರು. ಟಿಪ್ರಿಂಗ್ ಎಂಬ ಆ ವಧು ಮಂಟಪಕ್ಕೆ ಬಂದು, ನಾನು ಇವನನ್ನು ಒಲ್ಲೆ, ನನಗಾಗಿ ಕಾದಾಡಲಿ ಎಂದು ಹೇಳಿ, ಎದುರಾಳಿಯಾಗಿ ಸ್ಪಾಕ್‌ನ ಗೆಳೆಯ ಕರ್ಕ್‌ನನ್ನೇ ಆರಿಸುತ್ತಾಳೆ. ಅಮ್ಮನ ಕೈ ನಿಂತಿತು. "ಹೆದರ್ಕೋಬೇಡ ಪುಟ್ಟಿ, ಭಾವ ಅಲ್ಲೇ ನಿಂತಿದ್ದಾನಲ್ಲ, ಅವನೇ ಏನಾದ್ರೂ ಉಪಾಯ ಮಾಡ್ತಾನೆ ನೋಡು" ಎಂದರು.

ಈ ಸಂಚಿಕೆಯನ್ನು ನೋಡಿದವರಿಗೆ ಗೊತ್ತು, ಉಪಾಯ ಮಾಡುವವನು ಮೆಕಾಯ್‌ನೇ. ಉಸಿರಾಟಕ್ಕೆ ಸಹಾಯವಾಗುವ ಔಷಧಿ ಎಂದು ಹೇಳಿ ಕರ್ಕ್‌ಗೆ ಆತ ಚುಚ್ಚುವುದು ಸತ್ತಂತೆ ಕಾಣಿಸುವ ಮದ್ದು. ಇಂಗ್ಲಿಷಿನ ಗಂಧವಿಲ್ಲದ ನನ್ನ ಅಮ್ಮ, ಮೊದಲ ಸಲ ನೋಡುತ್ತಿದ್ದ ಸಂಚಿಕೆಯ ಮುಗಿತಾಯವನ್ನು ಮೊಮ್ಮಗಳು ಕಟ್ಟಿದ ಸುಳ್ಳು ಸಂಬಂಧದ ಮೇಲೆ ನಿಂತು ಸರಿಯಾಗಿ ಊಹಿಸಿಬಿಟ್ಟಿದ್ದರು. ನಾನು ಮಾಡಬೇಕಾಗಿದ್ದು ಇಷ್ಟೇ: ಬಾಗಿಲಲ್ಲಿ ಇನ್ನು ಸ್ವಲ್ಪ ಹೊತ್ತು ನಿಂತಿರುವುದು, ಅಥವಾ ಅಡುಗೆಮನೆಗೆ ಹೋಗಿ ನೀರು ಕುಡಿಯುವುದು. ಅದರ ಬದಲು ಒಳಗೆ ಹೋಗಿ, ಅಂಟು ರಿಮೋಟ್ ಎತ್ತಿಕೊಂಡು, ಚಿತ್ರವನ್ನು ನಿಲ್ಲಿಸಿ, "ಅವನು ಭಾವ ಅಲ್ಲಮ್ಮ. ಅವರಿಬ್ಬರೂ ಸಂಬಂಧಿಕರೇ ಅಲ್ಲ. ಸ್ಪಾಕ್‌ಗೆ ಅಕ್ಕನೇ ಇಲ್ಲ" ಎಂದೆ.

ಏಕೆ ಹಾಗೆಂದೆ ಎಂದು ನನ್ನನ್ನು ನಾನೇ ಬಹಳ ಕೇಳಿಕೊಂಡಿದ್ದೇನೆ. ಸಿಟ್ಟಿನಿಂದ ಅಲ್ಲ, ಅವರಿಬ್ಬರೂ ನೋಡುತ್ತಿರುವುದನ್ನು ಕಂಡು ನನಗೆ ಆದದ್ದು ಸಂತೋಷವೇ. ಸಂತೋಷವಾದ್ದರಿಂದಲೇ ಒಳಗೆ ಸೇರಿಕೊಳ್ಳಬೇಕೆನ್ನಿಸಿತು, ಸೇರಿಕೊಳ್ಳಲು ನನಗೆ ಗೊತ್ತಿದ್ದ ದಾರಿ ತಿದ್ದುವುದೊಂದೇ. ಮಗಳ ಮೇಲೆ ಒಂದು ಸಣ್ಣ ಅಸೂಯೆಯೂ ಇತ್ತೆಂದು ಈಗ ಅನ್ನಿಸುತ್ತದೆ, ಏಕೆಂದರೆ ನನ್ನ ಅಮ್ಮನಿಗೆ ಸ್ಟಾರ್ ಟ್ರೆಕ್ ತೋರಿಸಬಹುದೆಂಬ ಯೋಚನೆ ಅಷ್ಟು ವರ್ಷ ನನಗೆ ಬಂದೇ ಇರಲಿಲ್ಲ. ಅಷ್ಟಕ್ಕೂ ಸುಮ್ಮನಾಗಲಿಲ್ಲ. ನಿಲ್ಲಿಸಿದ ಚಿತ್ರದಲ್ಲಿ ಪುರೋಹಿತೆ ಕಾಣುತ್ತಿದ್ದುದರಿಂದ, ವಲ್ಕನ್ನರು ಬೆರಳು ಕವಲಾಗಿಸಿ ಕೈಯೆತ್ತಿ ವಂದಿಸುವುದು ಮೊದಲು ಕಂಡದ್ದು ಇದೇ ಸಂಚಿಕೆಯಲ್ಲಿ, ಅದನ್ನು ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮಾಯ್ ತಾನು ಬಾಲ್ಯದಲ್ಲಿ ಬಾಸ್ಟನ್ನಿನ ಯಹೂದಿ ಪ್ರಾರ್ಥನಾಮಂದಿರದಲ್ಲಿ ಕಂಡಿದ್ದ ಪುರೋಹಿತರ ಆಶೀರ್ವಾದದ ಮುದ್ರೆಯಿಂದ ತೆಗೆದುಕೊಂಡ ಎಂಬುದನ್ನೂ ಹೇಳಿದೆ. ಅಮ್ಮ ಬ್ಯಾಂಕಿನವರು ಬಡ್ಡಿಯ ವಿಷಯ ಹೇಳುವಾಗ ಕೇಳುವಂತೆ ತಲೆಯಾಡಿಸುತ್ತ ಕೇಳಿ, ಕಡೆಗೆ, "ಹಂಗಾದ್ರೆ ಅವನ್ಯಾರು ಇವನನ್ನ ಅಷ್ಟು ಬೈಯೋಕೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳ ಕಡೆ ತಿರುಗಿ, "ಅಪ್ಪ ಹೇಳ್ತಿರೋದು ನಿಜಾನಾ?" ಎಂದು ಕೇಳಿದರು. "ಹೌದು ಅಜ್ಜಿ, ನಾನೇ ಸುಮ್ನೆ ಹೇಳಿದ್ದು" ಎಂದಳು ಅವಳು, ತೊಡೆಯಿಂದ ತಲೆ ಎತ್ತಿ.

ಉಳಿದ ಸಂಚಿಕೆಯನ್ನು ನಾನೇ ಹಾಕಿ, ಪಕ್ಕದಲ್ಲಿ ಕುಳಿತು, ಒಂದು ಮಾತೂ ತಪ್ಪದಂತೆ ಕನ್ನಡಕ್ಕೆ ಹೇಳಿದೆ. ಗೆದ್ದವನು ಯಾರೇ ಆದರೂ ಇಬ್ಬರೂ ತನ್ನನ್ನು ಕೈಬಿಡುತ್ತಾರೆ, ಆಗ ತಾನು ಮೆಚ್ಚಿದವನನ್ನು ಸೇರಬಹುದು ಎಂಬ ಟಿಪ್ರಿಂಗ್‌ಳ ತರ್ಕವನ್ನೂ ಬಿಡಿಸಿ ಹೇಳಿದೆ. ಅಮ್ಮ ಹುಣಸೆಹಣ್ಣಿನಲ್ಲಿ ಮುಳುಗಿದ್ದರು. ಮರುದಿನದಿಂದ ಮಧ್ಯಾಹ್ನಗಳಲ್ಲಿ ಅಜ್ಜಿ ಮೊಮ್ಮಗಳು ಧಾರಾವಾಹಿಗಳ ಮರುಪ್ರಸಾರ ನೋಡತೊಡಗಿದರು. ಅದರಲ್ಲಿ ಬಾಯಿ ಹಾಕಲು ನನಗೆ ತಿಳಿವಳಿಕೆ ಇರಲಿಲ್ಲ. ಆಮೇಲೆ ನಾನು ಕರೆದಾಗ ಮಗಳು ಮರ್ಯಾದೆಗೆ ಬಂದು ಕೂರುತ್ತಿದ್ದಳು, ಆದರೆ ತಾನಾಗಿ ಒಂದು ಡಿವಿಡಿಯನ್ನೂ ಹಾಕಲಿಲ್ಲ, ನನ್ನೆದುರು ಯಾವ ಕಥೆಯನ್ನೂ ಕಟ್ಟಲಿಲ್ಲ.

ಇದಕ್ಕೊಂದು ಬಾಲವಿದೆ. 2017ರಲ್ಲಿ ಡಿಸ್ಕವರಿ ಎಂಬ ಹೊಸ ಸರಣಿ ಬಂದಿತು. ಅದರ ನಾಯಕಿ ಮೈಕಲ್ ಬರ್ನಮ್ ಸ್ಪಾಕ್‌ನ ತಂದೆತಾಯಿಯ ಸಾಕುಮಗಳು, ವಯಸ್ಸಿನಲ್ಲಿ ಸ್ಪಾಕ್‌ಗಿಂತ ದೊಡ್ಡವಳು. ಹಾಸ್ಟೆಲಿನಲ್ಲಿದ್ದ ಮಗಳಿಂದ ವಾಟ್ಸಾಪ್ ಬಂತು: "ಅಪ್ಪಾ, ಸ್ಪಾಕ್‌ಗೆ ಅಕ್ಕ ಇದ್ದಾಳೆ." ಆ ಅಕ್ಕ ಮೆಕಾಯ್‌ನನ್ನು ಮದುವೆಯಾಗಲಿಲ್ಲ ಎಂದು ಬರೆಯಲು ಹೊರಟಿದ್ದವನು, ಪುಣ್ಯಕ್ಕೆ, ಅಳಿಸಿಹಾಕಿದೆ.

ಈಗ ನಿಮ್ಮ ಕ್ರಮದ ವಿಷಯ. ಸ್ಪಷ್ಟವಾಗಿ ಹೇಳುತ್ತೇನೆ, ಈ ಪ್ರಶ್ನೆಯಲ್ಲಿ ಹುರುಳಿಲ್ಲ. ಮೊದಲು ತಯಾರಿಸಿದ 'ದ ಕೇಜ್' ಸಂಚಿಕೆಯನ್ನು ಎನ್‌ಬಿಸಿ ವಾಹಿನಿಯವರು ತಿರಸ್ಕರಿಸಿದರು. ಅದರ ತುಣುಕುಗಳನ್ನು ಆಮೇಲೆ ಬೇರೊಂದು ಕಥೆಯೊಳಗೆ ಸೇರಿಸಲಾಯಿತು. ಎರಡನೆಯದಾಗಿ ತಯಾರಿಸಿದ್ದು ಪ್ರಸಾರದಲ್ಲಿ ಮೂರನೆಯದಾಯಿತು. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಜನ ಮೊದಲು ನೋಡಿದ್ದು ದೇಹದ ಉಪ್ಪನ್ನೆಲ್ಲ ಹೀರಿ ಕೊಲ್ಲುವ ಪ್ರಾಣಿಯ ಕಥೆಯನ್ನು. ವಾಹಿನಿಯವರೇ ಹೀಗೆ ಹಿಂದುಮುಂದು ಮಾಡಿದ್ದನ್ನು ನಿಮ್ಮ ಮಗ ಸರಿಯಾದ ಸಾಲಿನಲ್ಲಿ ನೋಡಬೇಕಾದ ಅಗತ್ಯವೇನಿದೆ? ಆ ಕಾಲದ ಒಂದೊಂದು ಸಂಚಿಕೆಯೂ ಹೆಚ್ಚುಕಡಿಮೆ ಬಿಡಿ ಕಥೆ. ಕ್ರಮ ನಿಜವಾಗಿ ಬೇಕಾಗುವುದು ಡೀಪ್ ಸ್ಪೇಸ್ ನೈನ್‌ನ ಕೊನೆಯ ಸೀಸನ್ನುಗಳ ಯುದ್ಧದ ಕಥೆಗೆ, ಅದು ಒಂಬತ್ತು ವರ್ಷದವನಿಗೆ ಈಗ ಬೇಡ. ಉಪ್ಪಿನ ಪ್ರಾಣಿಯೂ ರಾತ್ರಿ ಹೊತ್ತು ಬೇಡ. ನಮ್ಮ ಮನೆಯಲ್ಲಿ ಅದರಿಂದ ಮಗಳು ಹಲವು ದಿನ ಊಟದ ಉಪ್ಪಿನ ಬಟ್ಟಲನ್ನೇ ದೂರ ತಳ್ಳಿದ್ದಳು.

"ಆಸಕ್ತಿ ಹುಟ್ಟಿಸುವುದು ಹೇಗೆ" ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ನಿಮಗೆ ಯಾರು ಹುಟ್ಟಿಸಿದರು? ನಿಮಗೆ ಬೇಕೆನಿಸಿದ ಸಂಚಿಕೆಯನ್ನು ನಿಮಗಾಗಿ ಹಾಕಿಕೊಂಡು ನೋಡಿ, ರಿಮೋಟನ್ನು ಕೈಗೆಟುಕದ ಕಡೆ ಇಡಿ. ಮಗ ಹತ್ತು ನಿಮಿಷಕ್ಕೆ ಎದ್ದುಹೋದರೆ ಹೋಗಲಿ; ಮತ್ತೆ ನಡುವಿನಲ್ಲಿ ಬಂದು ಕುಳಿತರೆ, ಅದುವರೆಗಿನ ಕಥೆಯನ್ನು ಅವನು ಕೇಳುವ ತನಕ ಹೇಳಬೇಡಿ. ಏನನ್ನಾದರೂ ತಪ್ಪಾಗಿ ಅರ್ಥಮಾಡಿಕೊಂಡು ತಂಗಿಗೋ ಅಜ್ಜಿಗೋ ಹೇಳುತ್ತಿದ್ದರೆ ದಯವಿಟ್ಟು ಆ ಕೋಣೆಗೆ ಹೋಗಬೇಡಿ. ಅವನಿಗೆ ಸ್ಟಾರ್ ಟ್ರೆಕ್ ಹಿಡಿಸದೆ ಕ್ರಿಕೆಟ್ಟೋ ಅಡುಗೆಯ ಕಾರ್ಯಕ್ರಮವೋ ಹಿಡಿಸಿದರೆ ಅದರಿಂದ ಯಾರಿಗೂ ನಷ್ಟವಿಲ್ಲ.

ಇನ್ನು, ರಾತ್ರಿ ಎಂಟಕ್ಕೆ ನಿಮ್ಮ ಹೆಂಡತಿ ಮತ್ತು ಅತ್ತೆ ಧಾರಾವಾಹಿ ನೋಡುವುದರಿಂದ ನಿಮಗೆ ಟಿವಿ ಸಿಗುತ್ತಿಲ್ಲ, ಅವರನ್ನು ಒಪ್ಪಿಸುವುದು ಹೇಗೆ ಎಂದೂ ಕೇಳಿದ್ದೀರಿ. ಒಪ್ಪಿಸಬೇಡಿ. ಒಂದು ವಾರ ಅವರ ಜೊತೆ ಕುಳಿತು ಅದನ್ನೇ ನೋಡಿ, ಯಾರು ಯಾರಿಗೆ ಏನಾಗಬೇಕು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ. ಒಂಬತ್ತೂವರೆಯ ಮೇಲೆ ಟಿವಿ ಹೇಗೂ ಖಾಲಿಯಿರುತ್ತದೆ, ಮರುದಿನ ಶಾಲೆಯಿಲ್ಲದಿದ್ದರೆ ಮಗನೂ ಎದ್ದಿರಬಹುದು.